ಎಣಿಕೆಗೆ ಸಿಕ್ಕುವ ಪ್ರಶ್ನೆ

ಉಪಾಧ್ಯಾಯಿನಿಯರಾದ ನಮ್ಮಷ್ಟು ಪ್ರಶ್ನೆ ಕೇಳುವವರು ಲೋಕದಲ್ಲಿ ಇನ್ನೊಬ್ಬರಿಲ್ಲ. ಪೋಲೀಸರು, ವಕೀಲರು ಎಲ್ಲ ನಮ್ಮ ನಂತರ. ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಸಂದರ್ಭದೊಡನೆ ವಿವರಿಸಿ ಎಂದು ಇಪ್ಪತ್ತೆಂಟು ವರ್ಷಗಳಿಂದ ಕೇಳುತ್ತಲೇ ಬಂದಿದ್ದೇನೆ. ನಾನು ತಯಾರಿಸಿದ ಪ್ರಶ್ನೆಪತ್ರಿಕೆಗಳನ್ನು ಒಂದರ ಮೇಲೊಂದು ಪೇರಿಸಿದರೆ ನಮ್ಮ ಮನೆಯ ಅಟ್ಟ ಮುಟ್ಟೀತು. ಆದರೆ ಇಷ್ಟೂ ಪ್ರಶ್ನೆಗಳಲ್ಲಿ ಒಂದು ವಿಶೇಷವಿದೆ. ಕೇಳುವವಳಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಅದರಲ್ಲಿ ಒಂದೂ ಇಲ್ಲ!

ಮನೆಯಲ್ಲಿ ನಾವು ಹೆಂಗಸರು ಕೇಳುವ ಪ್ರಶ್ನೆಗಳ ಜಾತಿಯೂ ಇದೇ. "ಈ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಿದವರು ಯಾರು?" ಎಂದು ಕೇಳುವಾಗ ಹಾಕಿದವರು ಯಾರೆಂದು ನಮಗೆ ಗೊತ್ತು. ಹಾಕಿದವರಿಗೂ ಗೊತ್ತು. "ಈಗ ಗಂಟೆ ಎಷ್ಟು ಗೊತ್ತೇನು?" ಎಂದು ಮಗನನ್ನು ಕೇಳುವಾಗ ಗಡಿಯಾರ ನಮ್ಮ ಕಣ್ಣೆದುರಿಗೇ ಇರುತ್ತದೆ.

ಸಂಶೋಧನೆಯ ಪ್ರಶ್ನೆ ಹಾಗಲ್ಲ. ಅದನ್ನು ಕೇಳುವವಳಿಗೆ ಉತ್ತರ ಗೊತ್ತಿರಬಾರದು. ಆದರೆ ಉತ್ತರ ಎಲ್ಲಿ ಸಿಕ್ಕೀತು, ಸಿಕ್ಕಾಗ ಅದನ್ನು ಗುರುತು ಹಿಡಿಯುವುದು ಹೇಗೆ ಎನ್ನುವುದು ಮಾತ್ರ ಗೊತ್ತಿರಬೇಕು. ಇಂಥ ಪ್ರಶ್ನೆಯನ್ನು ಕಟ್ಟುವುದು ಎಷ್ಟು ಕಷ್ಟ, ಕಟ್ಟಿದ ಮೇಲೆ ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದು ನನ್ನ ಅಕ್ಕನ ಮಗಳಿಂದ.

ಅವಳು ಎಂ.ಎಡ್. ಓದುತ್ತಿದ್ದಳು. ಪದವಿಗಾಗಿ ಒಂದು ಕಿರುಪ್ರಬಂಧ ಬರೆಯಬೇಕು, ಅದೂ ಅಂಕಿಸಂಖ್ಯೆಗಳನ್ನು ಆಧರಿಸಿದ್ದಾಗಿರಬೇಕು. ಅವಳು ಆರಿಸಿಕೊಂಡ ವಿಷಯ ‘ಗ್ರಾಮೀಣ ಹೆಣ್ಣುಮಕ್ಕಳ ಶೈಕ್ಷಣಿಕ ಸಮಸ್ಯೆಗಳು: ಒಂದು ಅಧ್ಯಯನ’. ಅವಳ ಮಾರ್ಗದರ್ಶಕರು ಅದನ್ನು ನೋಡಿ, "ಏನಮ್ಮಾ, ಇದನ್ನು ಮುಗಿಸುವಷ್ಟರಲ್ಲಿ ನಾನು ನಿವೃತ್ತನಾಗಿರುತ್ತೇನೆ" ಎಂದು ನಕ್ಕು ಹಿಂದಕ್ಕೆ ಕೊಟ್ಟರಂತೆ. ಮುಖ ಸಪ್ಪೆ ಮಾಡಿಕೊಂಡು ದಸರಾ ರಜೆಗೆ ನಮ್ಮ ಮನೆಗೆ ಬಂದಳು.

"ಏನು ತಪ್ಪಿದೆ ಚಿಕ್ಕಮ್ಮ ಇದರಲ್ಲಿ? ಹೆಣ್ಣುಮಕ್ಕಳಿಗೆ ಸಮಸ್ಯೆ ಇಲ್ಲವೇ?"

"ಇಲ್ಲ ಅಂತ ಯಾರು ಹೇಳಿದರು? ಸಮಸ್ಯೆಗೇನು ಬರಗಾಲವೇ? ಆದರೆ ನೀನು ದರ್ಜಿಯ ಮುಂದೆ ಇಡೀ ಥಾನು ಬಟ್ಟೆ ಹಾಕಿ, ಹೊಲಿ ಅಂತ ಹೇಳಿ ಬಂದುಬಿಟ್ಟರೆ ಅವನು ಏನು ಹೊಲಿಯಬೇಕು? ರವಿಕೆಯೋ, ದಿಂಬಿನ ಚೀಲವೋ? ಯಾರ ಅಳತೆಗೆ?" ಎಂದೆ.

ಅವಳು ಅರೆಗಳಿಗೆ ಸುಮ್ಮನಿದ್ದು, "ಅಳತೆ... ನಮ್ಮ ಸರ್ ಹೇಳಿದ್ದೂ ಅದೇ ಮಾತು" ಎಂದಳು.

ಇಲ್ಲಿ ಒಂದು ಸಣ್ಣ ಭೇದವನ್ನು ಗಮನಿಸಬೇಕು. ಕಳವಳ ಬೇರೆ, ಸಮಸ್ಯೆ ಬೇರೆ, ಪ್ರಶ್ನೆ ಬೇರೆ. "ಅಯ್ಯೋ, ನಮ್ಮ ಹೆಣ್ಣುಮಕ್ಕಳ ಓದು ಹೀಗಾಯಿತಲ್ಲ" ಎನ್ನುವುದು ಕಳವಳ. ಅದು ಒಳ್ಳೆಯದೇ, ಅದಿಲ್ಲದೆ ಯಾರೂ ಯಾವ ಕೆಲಸಕ್ಕೂ ಕೈಹಾಕುವುದಿಲ್ಲ. "ಇಂಥ ಶಾಲೆಯ ಇಂಥ ತರಗತಿಯ ಹುಡುಗಿಯರು ಹುಡುಗರಿಗಿಂತ ಹೆಚ್ಚು ದಿನ ತಪ್ಪಿಸಿಕೊಳ್ಳುತ್ತಿದ್ದಾರೆ, ಕಾರಣ ಯಾರಿಗೂ ಸ್ಪಷ್ಟವಿಲ್ಲ" ಎಂದರೆ ಅದು ಸಮಸ್ಯೆ. ಇದ್ದುದಕ್ಕೂ ಇರಬೇಕಾದುದಕ್ಕೂ ನಡುವೆ ಕಾಣುವ ಕಂದಕ ಅದು. ಆ ಕಂದಕದ ಯಾವುದೋ ಒಂದು ಜಾಗದಲ್ಲಿ ಕೋಲು ಊರಿ ಆಳ ನೋಡುವುದೇ ಪ್ರಶ್ನೆ. ಇಡೀ ಕಂದಕವನ್ನು ಒಂದೇ ಕೋಲಿನಿಂದ ಅಳೆಯಲು ಬರುವುದಿಲ್ಲ.

ಆ ದಿನಗಳಲ್ಲಿ ನಮ್ಮ ಶಾಲೆಯಲ್ಲೇ ಒಂದು ಕಳವಳ ಎದ್ದು ನಿಂತಿತ್ತು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಬೇಕಾದರೆ ಶೇಕಡ 75ರಷ್ಟು ಹಾಜರಿ ಬೇಕೆಂಬ ನಿಯಮ ನಿಮಗೆ ಗೊತ್ತೇ ಇದೆ. ಹಾಜರಿ ಕಡಿಮೆ ಇರುವವರ ಪಟ್ಟಿ ತಯಾರಾದಾಗ ಅದರಲ್ಲಿ ಹುಡುಗಿಯರ ಹೆಸರುಗಳು ಎದ್ದು ಕಾಣುತ್ತಿದ್ದವು. ಸ್ಟಾಫ್ ರೂಮಿನಲ್ಲಿ ಚರ್ಚೆ ನಡೆಯಿತು. "ಇವಕ್ಕೆ ಓದಿನಲ್ಲಿ ಆಸಕ್ತಿ ಇಲ್ಲ ಕಣ್ರೀ" ಎಂದರು ಒಬ್ಬರು. "ಎಲ್ಲ ಮೊಬೈಲು, ಟಿ.ವಿ." ಎಂದರು ಇನ್ನೊಬ್ಬರು. "ಮದುವೆ ಗೊತ್ತಾಗಿರಬೇಕು ಬಿಡಿ" ಎಂದು ಮೂರನೆಯವರು ತೀರ್ಪನ್ನೇ ಕೊಟ್ಟರು. ಮೂವರೂ ಒಳ್ಳೆಯವರೇ, ಮಕ್ಕಳ ಮೇಲೆ ಪ್ರೀತಿ ಇದ್ದವರೇ. ಆದರೆ ಪ್ರಶ್ನೆ ಹುಟ್ಟುವ ಮೊದಲೇ ಮೂರು ಉತ್ತರಗಳು ಹುಟ್ಟಿದ್ದವು. ಆ ಮೂರರಲ್ಲೂ ಅಪರಾಧಿ ಹುಡುಗಿಯೇ, ಇಲ್ಲವೇ ಅವಳ ಮನೆಯವರೇ.

ನನ್ನ ಕಣ್ಣಿಗೆ ಬೇರೊಂದು ಸಂಗತಿ ಬೀಳುತ್ತಿತ್ತು. ಕೆಲವು ದಿನ ಕೆಲವು ಹುಡುಗಿಯರು ಎರಡನೆಯ ಪಿರಿಯಡ್ಡಿಗೆ ಏದುಸಿರು ಬಿಡುತ್ತ ಬರುತ್ತಿದ್ದರು. ಅವರ ಚೂಡಿದಾರದ ಕಾಲಂಚು ಒದ್ದೆಯಾಗಿರುತ್ತಿತ್ತು. ಮಳೆ ಇಲ್ಲದ ಬಯಲುಸೀಮೆಯ ಊರಿನಲ್ಲಿ ಬೆಳಿಗ್ಗೆ ಹತ್ತೂವರೆಗೆ ಬಟ್ಟೆ ಒದ್ದೆಯಾಗುವುದು ಒಂದೇ ಕಾರಣಕ್ಕೆ: ಆ ದಿನ ಅವರ ಬೀದಿಗೆ ನಲ್ಲಿ ನೀರು ಬಂದಿದೆ. ನಮ್ಮೂರಿನಲ್ಲಿ ನೀರು ದಿನಾ ಬರುವುದಿಲ್ಲ. ವಾರ್ಡಿಗೊಂದು ಸರದಿ. ಬಂದ ದಿನ ಸಂಭ್ರಮ, ಜಗಳ, ಬಿಂದಿಗೆಗಳ ಮೆರವಣಿಗೆ. ಆ ಮೆರವಣಿಗೆಯಲ್ಲಿ ಮುಂದೆ ನಡೆಯುವವರು ಯಾರೆಂದು ಓದುಗ ಸೋದರಿಯರಿಗೆ ನಾನು ಹೇಳಬೇಕೇ?

ಇದನ್ನು ನನ್ನ ಅಕ್ಕನ ಮಗಳಿಗೆ ಹೇಳಿದೆ. ಅವಳು ಕಾಫಿ ಲೋಟ ಕೆಳಗಿಟ್ಟು, "ಚಿಕ್ಕಮ್ಮ, ಇದು ನನಗೆ ಬೇಕು" ಎಂದಳು.

ಅವಳು ತಂದಿದ್ದ ಪುಸ್ತಕಗಳಲ್ಲಿ ಒಂದು ಹಳೆಯ ಸಂಗತಿ ಇತ್ತು. ಅದನ್ನು ಇಬ್ಬರೂ ಕೂತು ಓದಿದೆವು. ಅದು ಹೆಂಗಸರ ಕಥೆ, ಅದರಲ್ಲೂ ಬಾಣಂತಿಯರ ಕಥೆ. ಆದ್ದರಿಂದ ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ.

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಬಡ ಹೆಂಗಸರಿಗಾಗಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನೆಯದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ದಿನ ಬಿಟ್ಟು ದಿನ ಸರದಿಯ ಮೇಲೆ ಹೆಂಗಸರನ್ನು ಸೇರಿಸಿಕೊಳ್ಳುತ್ತಿದ್ದರು. ಒಂದನೆಯ ವಿಭಾಗದ ಸರದಿ ಬಂದ ದಿನ ಗರ್ಭಿಣಿಯರು ಮಂಡಿಯೂರಿ, ನಮ್ಮನ್ನು ಅಲ್ಲಿಗೆ ಹಾಕಬೇಡಿ ಎಂದು ಬೇಡಿಕೊಳ್ಳುತ್ತಿದ್ದರಂತೆ. ಏಕೆಂದರೆ ಅಲ್ಲಿ ಬಾಣಂತಿ ನಂಜು ಹೆಚ್ಚು. 1846ರಲ್ಲಿ ಒಂದನೆಯ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ತಾಯಂದಿರು ತೀರಿಕೊಂಡರು. ಎರಡನೆಯದರಲ್ಲಿ 3,754 ಹೆರಿಗೆಗಳಲ್ಲಿ ತೀರಿಕೊಂಡವರು 105 ಮಂದಿ.

ಆ ಕಾಲದ ದೊಡ್ಡ ವೈದ್ಯರೆಲ್ಲ ‘ಬಾಣಂತಿ ನಂಜು ಏಕೆ ಬರುತ್ತದೆ?’ ಎಂದು ಕೇಳಿಕೊಂಡು, ಕೆಟ್ಟ ಗಾಳಿ, ಋತುಮಾನ, ಹೆಣ್ಣಿನ ದೇಹಸ್ಥಿತಿ ಎಂದು ಉತ್ತರ ಹೇಳಿಕೊಳ್ಳುತ್ತಿದ್ದರು. ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ಕಿರಿಯ ವೈದ್ಯ ಪ್ರಶ್ನೆಯನ್ನು ಚಿಕ್ಕದು ಮಾಡಿದ. ಒಂದೇ ಆಸ್ಪತ್ರೆ, ಒಂದೇ ಊರು, ಒಂದೇ ಬಗೆಯ ಬಡ ಹೆಂಗಸರು. ಹಾಗಿದ್ದಮೇಲೆ ಎರಡು ವಿಭಾಗಗಳಲ್ಲಿ ಸಾವು ಏಕೆ ಸಮನಾಗಿಲ್ಲ? ಅಲ್ಲಿ ಇದ್ದು ಇಲ್ಲಿ ಇಲ್ಲದ್ದು ಯಾವುದು? ಗಾಳಿ ಎರಡಕ್ಕೂ ಒಂದೇ, ಅದು ಬಿದ್ದುಹೋಯಿತು. ಜನಸಂದಣಿ ಎಂದರೆ ಎಲ್ಲರೂ ಎರಡನೆಯದಕ್ಕೇ ಮುಗಿಬೀಳುತ್ತಿದ್ದುದರಿಂದ ಸಂದಣಿ ಹೆಚ್ಚಿದ್ದುದು ಅಲ್ಲಿಯೇ, ಅದೂ ಬಿದ್ದುಹೋಯಿತು. ಸಾಯುವವರಿಗಾಗಿ ಬರುವ ಪಾದ್ರಿಯ ಗಂಟೆಯ ಸದ್ದಿಗೆ ಹೆದರಿ ಸಾಯುತ್ತಾರೆಂದರು. ಪಾದ್ರಿಯನ್ನು ಸುತ್ತುದಾರಿಯಲ್ಲಿ ಸದ್ದಿಲ್ಲದೆ ಬರಮಾಡಿದರೂ ಸಾವು ನಿಲ್ಲಲಿಲ್ಲ. ಹೀಗೆ ಒಂದೊಂದನ್ನೇ ಕಳೆಯುತ್ತ ಬಂದ ಮೇಲೆ ಉಳಿದದ್ದು ಹೆರಿಗೆ ಮಾಡಿಸುವ ಕೈಗಳು. 1847ರಲ್ಲಿ ಅವನ ವೈದ್ಯಮಿತ್ರನೊಬ್ಬ ಶವಪರೀಕ್ಷೆಯ ಸಮಯದಲ್ಲಿ ಚಾಕು ತಗುಲಿ, ಬಾಣಂತಿ ನಂಜಿನಂಥದೇ ಲಕ್ಷಣಗಳಿಂದ ಸತ್ತ. ಒಂದನೆಯ ವಿಭಾಗದ ವಿದ್ಯಾರ್ಥಿಗಳು ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವಪರೀಕ್ಷೆಯ ಕೆಲಸವಿರಲಿಲ್ಲ. ಆ ವರ್ಷದ ಮೇ ತಿಂಗಳಿನಿಂದ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆದೇ ಒಳಗೆ ಬರಬೇಕೆಂದು ಅವನು ಕಡ್ಡಾಯ ಮಾಡಿದ. 1848ರಲ್ಲಿ ಒಂದನೆಯ ವಿಭಾಗದ 3,556 ಹೆರಿಗೆಗಳಲ್ಲಿ ತೀರಿಕೊಂಡವರು 45 ಮಂದಿ ಮಾತ್ರ.

ರೋಗಾಣುಗಳ ವಿಚಾರ ಲೋಕಕ್ಕಿನ್ನೂ ಸರಿಯಾಗಿ ತಿಳಿದಿರದ ಕಾಲ ಅದು. ಏಕೆ ಎಂಬುದರ ಪೂರ್ತಿ ಉತ್ತರ ಅವನ ಬಳಿ ಇರಲಿಲ್ಲ. ಬಹಳ ಮಂದಿ ಹಿರಿಯ ವೈದ್ಯರು ಅವನ ಮಾತನ್ನು ಒಪ್ಪಲೂ ಇಲ್ಲ. ಆದರೆ ಪ್ರಶ್ನೆ ಸರಿಯಾಗಿತ್ತು. ಅದು ಹೋಲಿಸುವ ಪ್ರಶ್ನೆಯಾಗಿತ್ತು, ಎಣಿಸಲು ಬರುವ ಪ್ರಶ್ನೆಯಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಮಂಡಿಯೂರಿ ಬೇಡುತ್ತಿದ್ದ ಹೆಂಗಸರ ಭಯವನ್ನು ‘ಹೆಂಗಸರ ಅಂಜುಬುರುಕುತನ’ ಎಂದು ತಳ್ಳಿಹಾಕದೆ ಲೆಕ್ಕಕ್ಕೆ ತೆಗೆದುಕೊಂಡ ಪ್ರಶ್ನೆಯಾಗಿತ್ತು.

ಪುಸ್ತಕ ಮುಚ್ಚಿ ನಾವು ನಮ್ಮ ನಲ್ಲಿಯ ಕಟ್ಟೆಗೆ ಬಂದೆವು. ಮೊದಲ ದಿನ ಅವಳು ಬರೆದದ್ದು ಇಷ್ಟು: ‘ನೀರಿನ ಸಮಸ್ಯೆಯಿಂದ ಹುಡುಗಿಯರ ಶಿಕ್ಷಣಕ್ಕೆ ತೊಂದರೆಯಾಗುತ್ತಿದೆಯೇ?’ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ‘ನೀರಿನ ಸಮಸ್ಯೆ’ಯನ್ನು ಯಾವ ಪಾವಿನಲ್ಲಿ ಅಳೆಯುವುದು? ‘ತೊಂದರೆ’ಯನ್ನು ಯಾವ ಸೇರಿನಲ್ಲಿ? ಅಡುಗೆಯಲ್ಲಿ ‘ರುಚಿಗೆ ತಕ್ಕಷ್ಟು ಉಪ್ಪು’ ಎಂದರೆ ನಮಗೆ ನಿಮಗೆ ಸಾಕು. ಎಣಿಕೆಯ ಅಧ್ಯಯನದಲ್ಲಿ ಅದು ನಡೆಯದು. ಇನ್ನೊಬ್ಬಳು ಇನ್ನೊಂದು ಊರಿನಲ್ಲಿ ಅದೇ ಸಾರು ಮಾಡಿದರೆ ಅದೇ ರುಚಿ ಬರುವಂತೆ ಬರೆದಿಡಬೇಕು.

ಹಾಗಾಗಿ ಒಂದೊಂದು ಪದವನ್ನೂ ಅಕ್ಕಿಯಂತೆ ಆರಿಸಬೇಕಾಯಿತು. ‘ಹುಡುಗಿಯರು’ ಎಂದರೆ ಯಾರು? ನಮ್ಮ ಶಾಲೆಯ 8, 9 ಮತ್ತು 10ನೇ ತರಗತಿಯವರು. ಗ್ರಾಮೀಣ ಹೆಣ್ಣುಮಕ್ಕಳೆಲ್ಲರ ಪರವಾಗಿ ಮಾತನಾಡುವ ಅಧಿಕಾರ ಒಂದು ಶಾಲೆಯ ಹಾಜರಿ ಪುಸ್ತಕಕ್ಕಿಲ್ಲ. ‘ತೊಂದರೆ’ ಎಂದರೆ ಏನು? ಇಡೀ ದಿನ ಗೈರುಹಾಜರಿ, ಅರ್ಧ ದಿನದ ಗೈರುಹಾಜರಿ, ಮೊದಲ ಪಿರಿಯಡ್ಡು ಮುಗಿದ ಮೇಲೆ ಬರುವುದು ಎಂದು ಮೂರನ್ನೂ ಬೇರೆ ಬೇರೆ ಗುರುತಿಸುವುದು. ತಡವಾಗಿ ಬಂದವಳೂ ಹಾಜರಿ ಪುಸ್ತಕದಲ್ಲಿ ‘ಹಾಜರು’ ಎಂದೇ ಸೇರಿಹೋಗುತ್ತಾಳೆ, ಅವಳು ಕಳೆದುಕೊಂಡ ಗಣಿತದ ಪಾಠ ಎಲ್ಲಿಯೂ ದಾಖಲಾಗುವುದಿಲ್ಲ. ಆದ್ದರಿಂದ ಅದಕ್ಕೊಂದು ಬೇರೆ ಪುಸ್ತಕ. ‘ನೀರಿನ ದಿನ’ ಎಂದರೆ ಯಾವುದು? ಸಂಜೆ ನೀರು ಬಂದರೆ ಶಾಲೆಗೆ ಬರಲು ಅಡ್ಡಿಯಿಲ್ಲವಲ್ಲ. ಆದ್ದರಿಂದ ಆ ವಾರ್ಡಿನಲ್ಲಿ ಬೆಳಿಗ್ಗೆ ಆರರಿಂದ ಹನ್ನೊಂದರೊಳಗೆ ನೀರು ಬಿಟ್ಟ ದಿನ. ಇದಕ್ಕೆ ಸಾಕ್ಷಿ ಯಾರು? ನೀರು ಬಿಡುವ ವಾಟರ್‌ಮನ್ ಬರೆದಿಡುವ ಪುಸ್ತಕ.

ಹೀಗೆ ಬದಲಾಗುತ್ತ ಹೋಗುವ, ಅಳೆಯಲು ಬರುವ ಸಂಗತಿಗಳಿಗೆ ಸಂಖ್ಯಾಶಾಸ್ತ್ರದವರು ‘ಚಲಕ’ ಎನ್ನುತ್ತಾರೆ. ಒಂದು ಚಲಕ ಅಲುಗಿದಾಗ ಇನ್ನೊಂದು ಅಲುಗುತ್ತದೆಯೇ ಎಂದು ನೋಡುವುದೇ ಇಂಥ ಅಧ್ಯಯನಗಳ ಸಾರ. ಇಲ್ಲಿ ಅಲುಗುವುದು ನಲ್ಲಿ. ಅದರೊಡನೆ ಹಾಜರಿಯೂ ಅಲುಗುತ್ತದೆಯೇ?

"ನೀರು ಬಂದ ದಿನ ಹುಡುಗಿಯರು ಕಡಿಮೆ ಬಂದರು ಎಂದುಕೋ. ಅದೇ ದಿನ ಸಂತೆಯೋ ಜಾತ್ರೆಯೋ ಇದ್ದರೆ? ಆಗ ಏನು ಹೇಳುತ್ತೀ?" ಎಂದು ಕೇಳಿದೆ.

ಅವಳು ಒಂದು ದಿನವೆಲ್ಲ ಯೋಚಿಸಿದಳು. ಮರುದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಓಡಿ ಬಂದು, "ಚಿಕ್ಕಮ್ಮ, ಎಲ್ಲ ವಾರ್ಡಿಗೂ ಒಂದೇ ದಿನ ನೀರು ಬರುವುದಿಲ್ಲ ಅಲ್ಲವೇ?" ಎಂದಳು. ಅದೇ ಬೀಗದ ಕೈ! ಒಂದೇ ದಿನ, ಒಂದೇ ಸಂತೆ, ಒಂದೇ ಬಿಸಿಲು, ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಹುಡುಗಿಯರು. ಒಬ್ಬಳ ಬೀದಿಗೆ ಇವತ್ತು ನೀರು ಬಂದಿದೆ, ಇನ್ನೊಬ್ಬಳ ಬೀದಿಗೆ ಬಂದಿಲ್ಲ. ಇನ್ನೆರಡು ದಿನಕ್ಕೆ ಸರದಿ ಅದಲುಬದಲಾಗುತ್ತದೆ. ವಿಯೆನ್ನಾದ ಎರಡು ವಿಭಾಗಗಳಂತೆಯೇ ನಮ್ಮ ಪುರಸಭೆಯವರು ತಮಗೇ ಅರಿವಿಲ್ಲದೆ ನಮಗೊಂದು ಹೋಲಿಕೆಯನ್ನು ಸಿದ್ಧಮಾಡಿ ಕೊಟ್ಟಿದ್ದರು. ನೀರು ಸರಿಯಾಗಿ ಬಿಡದಿದ್ದುದರಿಂದ ಆದ ಒಂದೇ ಉಪಕಾರ ಎನ್ನಿ.

ಪ್ರಶ್ನೆ ಕೊನೆಗೆ ಹೀಗೆ ನಿಂತಿತು: ತಮ್ಮ ವಾರ್ಡಿಗೆ ಬೆಳಿಗ್ಗೆ ನೀರು ಬಂದ ದಿನಗಳಲ್ಲಿ 8ರಿಂದ 10ನೇ ತರಗತಿಯ ಹುಡುಗಿಯರ ಗೈರುಹಾಜರಿ ಮತ್ತು ತಡವಾಗಿ ಬರುವಿಕೆ ಉಳಿದ ದಿನಗಳಿಗಿಂತ ಹೆಚ್ಚಿದೆಯೇ? ಇದ್ದರೆ ಅದೇ ವಾರ್ಡಿನ ಹುಡುಗರಲ್ಲೂ ಅಷ್ಟೇ ಹೆಚ್ಚಿದೆಯೇ? ಮನೆಯಲ್ಲಿ ಸಂಪು ಮತ್ತು ಮೋಟಾರು ಇರುವ ಹುಡುಗಿಯರಿಗೂ ಇಲ್ಲದವರಿಗೂ ಇದರಲ್ಲಿ ವ್ಯತ್ಯಾಸವಿದೆಯೇ?

ಮೂರನೆಯ ಪ್ರಶ್ನೆ ನನ್ನ ಕಾಣಿಕೆ. ಸಂಪು ಇರುವ ಮನೆಯ ಹುಡುಗಿ ಗುಂಡಿ ಒತ್ತಿ ಶಾಲೆಗೆ ಬರುತ್ತಾಳೆ. ಸಂಪು ಇಲ್ಲದವಳು ಸರದಿಯಲ್ಲಿ ನಿಲ್ಲುತ್ತಾಳೆ. ಅಡುಗೆಮನೆಯ ಅನುಭವವಿಲ್ಲದವರಿಗೆ ಇದು ಹೊಳೆಯುವುದು ತುಸು ಕಷ್ಟ.

ಇನ್ನೊಂದು ಸ್ವಾರಸ್ಯವೆಂದರೆ, ಇಂಥ ಅಧ್ಯಯನವನ್ನು ಆರಂಭಿಸುವಾಗ ‘ವ್ಯತ್ಯಾಸ ಏನೂ ಇಲ್ಲ’ ಎಂದು ಹಿಡಿದುಕೊಂಡೇ ಹೊರಡಬೇಕಂತೆ. ಅದಕ್ಕೆ ಶೂನ್ಯ ಪ್ರಾಕ್ಕಲ್ಪನೆ ಎನ್ನುತ್ತಾರೆ. ಕೋರ್ಟಿನಲ್ಲಿ ಅಪರಾಧ ರುಜುವಾಗುವವರೆಗೆ ಆಪಾದಿತ ನಿರಪರಾಧಿ ಎನ್ನುವುದಿಲ್ಲವೇ, ಹಾಗೆ. ಅಂಕಿಗಳು ಬಲವಾಗಿ ಬೇರೆ ಹೇಳಿದರೆ ಮಾತ್ರ ಅದನ್ನು ಕೈಬಿಡಬೇಕು. ನನಗೆ ಇದು ಬಹಳ ಹಿಡಿಸಿತು. ಸ್ಟಾಫ್ ರೂಮಿನಲ್ಲಿ ನಮ್ಮ ಹುಡುಗಿಯರಿಗೆ ಸಿಗದ ನ್ಯಾಯ ಸಂಖ್ಯಾಶಾಸ್ತ್ರದಲ್ಲಿ ನಲ್ಲಿಗೂ ಸಿಗುತ್ತದೆಯಲ್ಲ! ಜೊತೆಗೆ, ಸೋಲುವುದಕ್ಕೆ ಸಿದ್ಧವಿಲ್ಲದ ಪ್ರಶ್ನೆ ಪ್ರಶ್ನೆಯೇ ಅಲ್ಲ. ನಲ್ಲಿಗೂ ಹಾಜರಿಗೂ ಸಂಬಂಧವಿಲ್ಲ ಎಂದು ಅಂಕಿಗಳು ಹೇಳಿದರೆ ಅದನ್ನೂ ಹಾಗೆಯೇ ಬರೆಯಬೇಕು ಎಂದು ಅವಳಿಂದ ಮಾತು ತೆಗೆದುಕೊಂಡೆ.

ಪ್ರಶ್ನಾವಳಿಯಲ್ಲೂ ಕಸರತ್ತು ನಡೆಯಿತು. ‘ನೀರು ಹಿಡಿಯುವುದರಿಂದ ನಿನ್ನ ಓದಿಗೆ ತೊಂದರೆಯಾಗುತ್ತದೆಯೇ?’ ಎಂದು ಕೇಳಿದರೆ ಅರ್ಧ ಮಂದಿ ಮೇಡಂಗೆ ಬೇಕಾದ ಉತ್ತರವೆಂದು ‘ಹೌದು’ ಎನ್ನುತ್ತಾರೆ, ಉಳಿದವರು ಮನೆಯ ಮರ್ಯಾದೆಗೆಂದು ‘ಇಲ್ಲ’ ಎನ್ನುತ್ತಾರೆ. ಅದನ್ನು ಹೊಡೆದುಹಾಕಿ, ‘ಹೋದ ಸಲ ನಿಮ್ಮ ಮನೆಗೆ ನೀರು ಬಂದಾಗ ಬಿಂದಿಗೆ ಹಿಡಿದವರು ಯಾರು ಯಾರು?’ ಎಂದು ಬರೆದೆವು. ನಡೆದದ್ದನ್ನು ಕೇಳಿದರೆ ಮಕ್ಕಳು ನಡೆದದ್ದನ್ನೇ ಹೇಳುತ್ತಾರೆ. ಹಾಳೆಯ ಮೇಲೆ ಹೆಸರು ಬರೆಸಲಿಲ್ಲ, ಬರೀ ಸಂಖ್ಯೆ. ಮನೆಯ ಮಾತನ್ನು ನಂಬಿ ಹೇಳುವ ಮಗುವಿಗೆ ಅಷ್ಟು ರಕ್ಷಣೆಯನ್ನಾದರೂ ಕೊಡಬೇಕು.

ಇದೆಲ್ಲ ಒಂದು ಸಣ್ಣ ಊರಿನ ಸಣ್ಣ ಕಸರತ್ತು. ದೊಡ್ಡ ಪ್ರಮಾಣದಲ್ಲಿ ಹೀಗೆ ಕೇಳಿದ ಒಂದು ಪ್ರಶ್ನೆಯನ್ನು ಅವಳು ಆಮೇಲೆ ತೋರಿಸಿದಳು. ಬಿಹಾರದಲ್ಲಿ 2006ರಲ್ಲಿ 9ನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಸರ್ಕಾರ ಹಣ ಕೊಡತೊಡಗಿತು. ನಮ್ಮ ರಾಜ್ಯದಲ್ಲೂ ಹೆಚ್ಚುಕಡಿಮೆ ಅದೇ ಸಮಯದಲ್ಲಿ ಶಾಲಾಮಕ್ಕಳಿಗೆ ಸೈಕಲ್ ಹಂಚಲು ತೊಡಗಿದರು. ಸಾಲಾಗಿ ನಿಲ್ಲಿಸಿದ ಹೊಸ ಸೈಕಲ್‌ಗಳ ಹೊಳಪು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಿಹಾರದಲ್ಲಿ ಆ ಮೇಲೆ ಹುಡುಗಿಯರ ದಾಖಲಾತಿ ಏರಿತು. ಸೈಕಲ್ಲಿನಿಂದಲೇ ಏರಿತು ಎನ್ನೋಣವೇ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದದ್ದಿರಬಹುದಲ್ಲ? ಆ ವರ್ಷಗಳಲ್ಲಿ ರಸ್ತೆಗಳಾದವು, ಶಾಲೆಗಳಾದವು, ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು.

ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಹೋಲಿಕೆಯ ಪ್ರಶ್ನೆಯಾಗಿ ಮಾಡಿದರು. ಮೊದಲು ಬಿಹಾರದ ಹುಡುಗಿಯರನ್ನು ಬಿಹಾರದ ಹುಡುಗರೊಡನೆ ಹೋಲಿಸಿದರು. ರಸ್ತೆ ಇಬ್ಬರಿಗೂ ಒಂದೇ, ಆ ಸೈಕಲ್ ಮಾತ್ರ ಹುಡುಗಿಯರಿಗೆ. ಆಮೇಲೆ ಆ ವ್ಯತ್ಯಾಸವನ್ನು 2000ದವರೆಗೆ ಬಿಹಾರದ ಭಾಗವೇ ಆಗಿದ್ದ ನೆರೆಯ ಜಾರ್ಖಂಡಿನ ವ್ಯತ್ಯಾಸದೊಡನೆ ಹೋಲಿಸಿದರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಸೈಕಲ್ ಯೋಜನೆಯಿಂದ ಪ್ರೌಢಶಾಲೆಗೆ ತಕ್ಕ ವಯಸ್ಸಿನಲ್ಲಿ ಸೇರಿದ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಹೆಚ್ಚಿತು. ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡ 40ರಷ್ಟು ತಗ್ಗಿತು. ಪ್ರೌಢಶಾಲೆ ಮೂರು ಕಿಲೋಮೀಟರ್ ಅಥವಾ ಅದಕ್ಕಿಂತ ದೂರವಿದ್ದ ಊರುಗಳಲ್ಲೇ ಈ ಪರಿಣಾಮ ಹೆಚ್ಚಾಗಿ ಕಂಡದ್ದು. ‘ಹುಡುಗಿಯರಿಗೆ ಆಸಕ್ತಿ ಇಲ್ಲ’ ಎಂದು ಅಲ್ಲಿಯೂ ಯಾರೋ ಹೇಳುತ್ತಿದ್ದಿರಬೇಕು. ಇದ್ದದ್ದು ದೂರ, ಬೇಕಾಗಿದ್ದುದು ಎರಡು ಚಕ್ರ.

ಪ್ರಶ್ನೆ ಬದಲಾದರೆ ಕಾಣುವುದೂ ಬದಲಾಗುತ್ತದೆ ಎನ್ನುವುದಕ್ಕೆ ನಮ್ಮ ನಿಮ್ಮ ಮನೆಯ ಉದಾಹರಣೆಯೊಂದಿದೆ. ಜನಗಣತಿಯವರು ಬಾಗಿಲಿಗೆ ಬಂದು "ಈಕೆ ಕೆಲಸ ಮಾಡುತ್ತಾರೆಯೇ?" ಎಂದರೆ ಒಳಗಿನಿಂದ "ಇಲ್ಲ, ಮನೆಯಲ್ಲೇ ಇರುತ್ತಾಳೆ" ಎಂಬ ಉತ್ತರ ಬರುತ್ತದೆ. ಉತ್ತರ ಹೇಳುವವಳು ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿರುವ ಆಕೆಯೇ ಇರಬಹುದು. 1991ರ ಜನಗಣತಿಯಲ್ಲಿ, ಹೊಲದಲ್ಲಿ ಅಥವಾ ಮನೆತನದ ಉದ್ಯೋಗದಲ್ಲಿ ಕೂಲಿಯಿಲ್ಲದೆ ಮಾಡುವ ಕೆಲಸವನ್ನೂ ಸೇರಿಸಿ ಹೇಳಿ ಎಂಬ ಮಾತನ್ನು ಪ್ರಶ್ನೆಗೇ ಜೋಡಿಸಿದರು. ಹೊಲದಲ್ಲಿ ದುಡಿಯುವ ಹೆಂಗಸು ಗಣತಿಯಲ್ಲಿ ಬಿಟ್ಟುಹೋಗಬಾರದು ಎಂಬುದು ಅದರ ಉದ್ದೇಶ. ಆದರೂ ಒಲೆಯ ಮುಂದಿನ ಕೆಲಸ ಆ ಲೆಕ್ಕದ ಹೊರಗೇ ಉಳಿಯಿತು.

1998-99ರಲ್ಲಿ ಆರು ರಾಜ್ಯಗಳಲ್ಲಿ, ಆ ಮೇಲೆ 2019ರಲ್ಲಿ ಇಡೀ ದೇಶದಲ್ಲಿ, ಪ್ರಶ್ನೆಯನ್ನೇ ಬೇರೆ ಮಾಡಿದರು. "ಕೆಲಸ ಮಾಡುತ್ತೀರಾ?" ಎಂದು ಕೇಳುವುದನ್ನು ಬಿಟ್ಟು, ದಿನದ ಹೊತ್ತು ಹೇಗೆ ಕಳೆಯಿತು ಎಂದು ಕೇಳಿದರು. 2019ರಲ್ಲಿ ನಿನ್ನೆ ಬೆಳಗಿನ ಜಾವ ನಾಲ್ಕರಿಂದ ಇವತ್ತು ಬೆಳಗಿನ ಜಾವ ನಾಲ್ಕರವರೆಗೆ ಅರ್ಧ ಅರ್ಧ ಗಂಟೆಯ ಲೆಕ್ಕ ಬರೆದುಕೊಂಡರು. ಇದಕ್ಕೆ ಸಮಯ ಬಳಕೆಯ ಸಮೀಕ್ಷೆ ಎನ್ನುತ್ತಾರೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಹಾಗೆ ತೊಡಗಿದ ಗಂಡಸರು 97 ನಿಮಿಷ ಎಂದು ತಿಳಿಯಿತು. 2024ರಲ್ಲಿ ಮತ್ತೆ ಕೇಳಿದಾಗ 289 ಮತ್ತು 88 ನಿಮಿಷ. ಹೆಚ್ಚುಕಡಿಮೆ ಐದು ಗಂಟೆ! ಅಷ್ಟು ಹೊತ್ತು ಅಲ್ಲಿಯವರೆಗೆ ಎಲ್ಲಿ ಅಡಗಿತ್ತು? ಎಲ್ಲಿಯೂ ಅಡಗಿರಲಿಲ್ಲ. ಅಡುಗೆಮನೆಯಲ್ಲೇ ಇತ್ತು. ಅದನ್ನು ಹಿಡಿಯುವ ಪ್ರಶ್ನೆ ಇರಲಿಲ್ಲ, ಅಷ್ಟೇ.

ಅಂಕಿಗಳಿಂದಲೇ ಎಲ್ಲವೂ ತಿಳಿದುಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಎಷ್ಟು ಮಂದಿ, ಎಷ್ಟು ದಿನ, ಯಾರಿಗಿಂತ ಎಷ್ಟು ಹೆಚ್ಚು ಎಂಬುದನ್ನು ಎಣಿಕೆ ಹೇಳುತ್ತದೆ. ಸರದಿಯಲ್ಲಿ ಬಿಂದಿಗೆ ಇಟ್ಟುಕೊಂಡು ನಿಂತ ಹುಡುಗಿಗೆ ಶಾಲೆಯ ಗಂಟೆ ಕೇಳಿಸಿದಾಗ ಅವಳ ಎದೆಯಲ್ಲಿ ಏನಾಗುತ್ತದೆ ಎನ್ನುವುದಕ್ಕೆ ಯಾವ ಕೋಷ್ಟಕವೂ ಇಲ್ಲ. ಅದನ್ನು ಪಕ್ಕದಲ್ಲಿ ಕೂತು, ಬೆನ್ನು ಸವರಿ ಕೇಳಬೇಕು. ಆದರೆ ಪುರಸಭೆಗೆ ಹೋಗಿ "ನಮ್ಮ ಹುಡುಗಿಯರ ಎದೆಯಲ್ಲಿ ಏನೋ ಆಗುತ್ತಿದೆ, ನೀರು ಬಿಡುವ ಹೊತ್ತು ಬದಲಿಸಿ" ಎಂದರೆ ಯಾರು ಕೇಳುತ್ತಾರೆ? ಅಲ್ಲಿ ಅಂಕಿಯೇ ಮಾತಾಡಬೇಕು.

ಕೊನೆಗೆ ಉತ್ತರ ಏನು ಬಂತು ಎಂದು ನೀವು ಕೇಳುತ್ತೀರಿ. ಆ ಪ್ರಬಂಧ ಇನ್ನೂ ವಿಶ್ವವಿದ್ಯಾಲಯದ ಪರೀಕ್ಷಕರ ಕೈಯಲ್ಲಿದೆ. ಅಂಕಿಗಳು ಅವಳ ದುಡಿಮೆ, ಅವಳಿಗಿಂತ ಮೊದಲು ನಾನು ಬಾಯಿಬಿಡುವುದು ಸಲ್ಲದು. ಆದರೆ ಉತ್ತರ ಬರುವ ಮೊದಲೇ ಪ್ರಶ್ನೆ ಮಾಡಿದ ಕೆಲಸವೊಂದನ್ನು ಹೇಳಬಹುದು.

ತಡವಾಗಿ ಬಂದವರ ಪುಸ್ತಕದಲ್ಲಿ ಹೆಸರಿನ ಮುಂದೆ ವಾರ್ಡಿನ ಸಂಖ್ಯೆ ಬರೆಯುವ ಒಂದು ಕಲಮನ್ನು ನಾವು ಹಾಕಿದ್ದೆವು. ಮುಂದಿನ ಸಲ ಹಾಜರಿ ಕಡಿಮೆಯಾದವರ ಪಟ್ಟಿಯನ್ನು ಸಭೆಯಲ್ಲಿ ಓದುವಾಗ ಮುಖ್ಯೋಪಾಧ್ಯಾಯರು ಆ ಪುಸ್ತಕವನ್ನೂ ತರಿಸಿ ಪಕ್ಕಕ್ಕಿಟ್ಟುಕೊಂಡರು. ನಾಲ್ಕೈದು ಹೆಸರು ಓದಿದ ಮೇಲೆ ಕನ್ನಡಕ ತೆಗೆದು, "ಇವರೆಲ್ಲ ಯಾವ ಕಡೆಯವರು ಮೇಡಂ? ಅಲ್ಲಿ ನೀರು ಯಾವ ಹೊತ್ತಿಗೆ ಬಿಡುತ್ತಾರೆ?" ಎಂದು ಕೇಳಿದರು. ಸಭೆಯಲ್ಲಿ ಆ ದಿನ ‘ಆಸಕ್ತಿ’ ಎಂಬ ಪದ ಯಾರ ಬಾಯಿಂದಲೂ ಬರಲಿಲ್ಲ. ಮರುವಾರ ಕಿರುಪರೀಕ್ಷೆಯ ವೇಳಾಪಟ್ಟಿ ಹಾಕುವಾಗ, ಹಿಂದೊಮ್ಮೆ ಮದುವೆಯ ತೀರ್ಪು ಕೊಟ್ಟಿದ್ದ ಸಹೋದ್ಯೋಗಿಯೇ ನನ್ನ ಮೇಜಿನ ಬಳಿ ಬಂದು, "ಗಣಿತದ ಪರೀಕ್ಷೆಯನ್ನು ಮಧ್ಯಾಹ್ನಕ್ಕೆ ಹಾಕೋಣವೇ? ಬುಧವಾರ ಕೆಳಗಿನ ಬೀದಿಗೆ ನೀರಿನ ಸರದಿ ಇದೆಯಂತೆ" ಎಂದರು.